ಸಮಾಧಿಯಿಲ್ಲದ ಸಂತರ ಕೈಬರಹ



ಆಟಿಯ ಮಳೆ ಹಿಡಿಯಿತೆಂದರೆ ಕೊಕ್ಕಡದಂತಹ ಘಟ್ಟದ ಬುಡದ ಊರುಗಳಲ್ಲಿ ಹೊರಗಿನ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅಡಿಕೆಗೆ ಮದ್ದು ಬಿಡಲು ಬಿಸಿಲಿಗಾಗಿ ಕಾಯಬೇಕು. ಮಕ್ಕಳಿಗೆ ಅಂಗಳಕ್ಕಿಳಿಯುವಂತಿಲ್ಲ. ಅಂತಹ ಒಂದು ಮಧ್ಯಾಹ್ನ ಮನೆಯಲ್ಲಿ ಯಾರಾದರೂ ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಕೆಳಗಿಳಿಸುತ್ತಾರೆ. ಒಳಗೆ ಏನಿರುತ್ತದೆಂದು ನಿಮಗೆ ಗೊತ್ತು. ಅಜ್ಜನ ಜಾಗದ ಚೀಟಿಗಳು, ಅಜ್ಜಿಯ ಜಪಸರ, ಬೊಂಬಾಯಿಯಿಂದ ಬಂದ ನೀಲಿ ಇನ್ಲೆಂಡ್ ಪತ್ರಗಳು, ಯಾರದೆಂದು ಈಗ ಯಾರಿಗೂ ತಿಳಿಯದ ಒಂದು ಮದುವೆಯ ಫೋಟೊ. ಅರ್ಧ ಬೂಷ್ಟು ಹಿಡಿದಿರುತ್ತದೆ, ಅರ್ಧ ಗೆದ್ದಲಿನ ಪಾಲಾಗಿರುತ್ತದೆ. ಇನ್ನು ಇದು ಯಾಕೆ ಎಂದು ಒಬ್ಬರು ಕೇಳುತ್ತಾರೆ. ಮರುದಿನ ಬೆಳಿಗ್ಗೆ ಬಚ್ಚಲ ಒಲೆ ಚೆನ್ನಾಗಿ ಉರಿಯುತ್ತದೆ.

ಇದೇ ಆಟಿಯ ದಿನಗಳಲ್ಲಿ, ಆಗಸ್ಟ್ 9ರಂದು, ಧರ್ಮಸಭೆ ಒಬ್ಬ ಸಂತರ ಹಬ್ಬವನ್ನು ಆಚರಿಸುತ್ತದೆ. ಅವರಿಗೆ ಸಮಾಧಿಯಿಲ್ಲ. ಅವರ ಮೂಳೆಯ ಒಂದು ಚೂರೂ ಎಲ್ಲಿಯೂ ಇಲ್ಲ. ಕೊಂದವರು ಅವರ ಗುರುತೇ ಭೂಮಿಯ ಮೇಲೆ ಉಳಿಯಬಾರದೆಂದು ಬಯಸಿದ್ದರು. ಆದರೂ ಇಂದು ಅವರ ಕೈಬರಹದ ಸಾವಿರಾರು ಹಾಳೆಗಳು ಜೋಪಾನವಾಗಿವೆ. ಅವು ಹೇಗೆ ಉಳಿದವು, ಯಾರು ಉಳಿಸಿದರು ಎಂಬ ಕಥೆಯನ್ನು ಈ ವಾರ ನಿಮ್ಮ ಮುಂದೆ ಇಡಬೇಕೆನಿಸಿದೆ. ಓದಿ ಮುಗಿಸಿದ ಮೇಲೆ ಟ್ರಂಕಿನ ವಿಷಯಕ್ಕೆ ಮತ್ತೆ ಬರೋಣ.

ಅವರ ಹೆಸರು ಎಡಿತ್ ಸ್ಟೈನ್. ಕಾರ್ಮೆಲ್ ಮಠದ ಹೆಸರು ಶಿಲುಬೆಯ ಸಂತ ತೆರೇಸಾ ಬೆನೆಡಿಕ್ಟಾ.

ಮರದ ವ್ಯಾಪಾರಿಯ ಕಿರಿಯ ಮಗಳು

ಎಡಿತ್ ಹುಟ್ಟಿದ್ದು 1891ರ ಅಕ್ಟೋಬರ್ 12ರಂದು, ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ಪಟ್ಟಣದಲ್ಲಿ. ಇಂದು ಅದು ಪೋಲೆಂಡಿನ ವ್ರೊಟ್ಸ್‌ವಾಫ್ ನಗರ. ಮನೆಯವರು ನಿಷ್ಠಾವಂತ ಯೆಹೂದ್ಯರು. ಆ ವರ್ಷ ಅದೇ ದಿನ ಯೆಹೂದ್ಯರ ಮಹಾ ಪ್ರಾಯಶ್ಚಿತ್ತದ ದಿನವೂ ಆಗಿತ್ತು. ಇದೇ ಕಾರಣಕ್ಕೆ ತಾಯಿಗೆ ಈ ಕಿರಿಯ ಮಗಳ ಮೇಲೆ ವಿಶೇಷ ಮಮತೆ.

ತಂದೆ ಮರದ ವ್ಯಾಪಾರಿ. ಎಡಿತ್‌ಗೆ ಎರಡು ವರ್ಷ ತುಂಬುವ ಮೊದಲೇ, 1893ರ ಬೇಸಿಗೆಯಲ್ಲಿ, ವ್ಯಾಪಾರದ ಮೇಲೆ ಹೋಗಿದ್ದಾಗ ಬಿಸಿಲ ಹೊಡೆತಕ್ಕೆ ಸಿಕ್ಕಿ ಅವರು ತೀರಿಕೊಂಡರು. ಹನ್ನೊಂದು ಮಕ್ಕಳನ್ನು ಹೆತ್ತು ಏಳು ಮಕ್ಕಳನ್ನು ಉಳಿಸಿಕೊಂಡಿದ್ದ ತಾಯಿ ಔಗುಸ್ಟೆ ಕೈಕಟ್ಟಿ ಕೂರಲಿಲ್ಲ. ಸಾಲದಲ್ಲಿದ್ದ ಮರದ ಡಿಪೋವನ್ನು ತಾನೇ ವಹಿಸಿಕೊಂಡು, ಮರ ಅಳೆಯಲು ಕಲಿತು, ಮಕ್ಕಳನ್ನೆಲ್ಲ ಓದಿಸಿದರು. ಗಂಡ ತೀರಿಕೊಂಡ ಮೇಲೆ ತೋಟ ನಿಭಾಯಿಸಿ ಮಕ್ಕಳನ್ನು ದಡ ಸೇರಿಸಿದ ಎಷ್ಟು ತಾಯಂದಿರು ನಮ್ಮಲ್ಲಿಲ್ಲ? ಔಗುಸ್ಟೆ ಅಂತಹವರಲ್ಲಿ ಒಬ್ಬರು.

ತಾಯಿಯ ದೇವಭಕ್ತಿ ಮಗಳಿಗೆ ಬರಲಿಲ್ಲ. ಹದಿನೈದರ ಆಸುಪಾಸಿನಲ್ಲಿ ಎಡಿತ್ ಬೇಕೆಂದೇ ಪ್ರಾರ್ಥನೆಯನ್ನು ಬಿಟ್ಟರು. ದೇವರಿದ್ದಾನೆಂದು ತನಗೆ ನಂಬಿಕೆಯಿಲ್ಲದಿರುವಾಗ ಇದ್ದಂತೆ ನಟಿಸುವುದು ಅವರಿಗೆ ಒಗ್ಗಲಿಲ್ಲ. ಆದರೆ ಸತ್ಯವನ್ನು ಹುಡುಕುವುದನ್ನು ಬಿಡಲಿಲ್ಲ. ಆ ಹುಡುಕಾಟ 1913ರಲ್ಲಿ ಅವರನ್ನು ಗ್ಯೋಟಿಂಗೆನ್ ವಿಶ್ವವಿದ್ಯಾಲಯಕ್ಕೆ, ಎಡ್ಮಂಡ್ ಹುಸರ್ಲ್ ಎಂಬ ತತ್ತ್ವಶಾಸ್ತ್ರಜ್ಞರ ಬಳಿಗೆ ಕರೆದೊಯ್ದಿತು. ಮಹಾಯುದ್ಧ ಆರಂಭವಾದಾಗ ಓದನ್ನು ಬದಿಗಿಟ್ಟು 1915ರಲ್ಲಿ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ಸಾಂಕ್ರಾಮಿಕ ರೋಗಿಗಳ ಆರೈಕೆ ಮಾಡಿದರು. 1916ರಲ್ಲಿ, ಇನ್ನೊಬ್ಬರ ನೋವು ನಲಿವನ್ನು ನಾವು ಅರಿಯುವುದು ಹೇಗೆ ಎಂಬ ವಿಷಯದ ಮೇಲೆ ಪ್ರಬಂಧ ಬರೆದು ಅತ್ಯುನ್ನತ ಶ್ರೇಣಿಯಲ್ಲಿ ಡಾಕ್ಟರೇಟ್ ಪಡೆದರು.

ಸತ್ತವರ ಕಾಗದಗಳ ನಡುವೆ

ಇಲ್ಲಿಂದ ಮುಂದೆ, ಓದುಗರೇ, ಈ ಕಥೆಯಲ್ಲಿ ಕಾಗದಗಳು ಬರುತ್ತವೆ.

ಹುಸರ್ಲ್ ಅವರು ಫ್ರೈಬುರ್ಗ್‌ಗೆ ಹೋದಾಗ ಎಡಿತ್ ಅವರ ಸಹಾಯಕಿಯಾದರು. ಗುರುಗಳು ಯೋಚಿಸುವುದೇ ಬರೆಯುತ್ತಾ. ಅದೂ ಶೀಘ್ರಲಿಪಿಯಲ್ಲಿ, ರಾಶಿ ರಾಶಿ ಹಾಳೆಗಳಲ್ಲಿ. ಅದನ್ನು ಓದಿ, ಸಾಮಾನ್ಯ ಅಕ್ಷರಕ್ಕಿಳಿಸಿ, ಕ್ರಮವಾಗಿ ಜೋಡಿಸಿ ಪುಸ್ತಕಕ್ಕೆ ಸಿದ್ಧಗೊಳಿಸುವ ಕೆಲಸ ಎಡಿತ್ ಅವರದು. ಹೆಸರು ಗುರುಗಳದು, ದುಡಿಮೆ ಶಿಷ್ಯೆಯದು. 1916ರಿಂದ 1918ರವರೆಗೆ ಅವರು ಈ ಕೆಲಸ ಮಾಡಿದರು.

ಈ ನಡುವೆ 1917ರ ನವೆಂಬರ್‌ನಲ್ಲಿ ಒಂದು ಸಾವಿನ ಸುದ್ದಿ ಬಂತು. ಗ್ಯೋಟಿಂಗೆನ್‌ನಲ್ಲಿ ಅವರಿಗೆ ಪಾಠ ಹೇಳಿದ್ದ, ಎಲ್ಲ ವಿದ್ಯಾರ್ಥಿಗಳಿಗೂ ಅಣ್ಣನಂತಿದ್ದ ಆಡೋಲ್ಫ್ ರೈನಾಖ್ ಯುದ್ಧಭೂಮಿಯಲ್ಲಿ ಮಡಿದಿದ್ದರು. ಅವರು ಬಿಟ್ಟುಹೋದ ಬರಹಗಳನ್ನು ಜೋಡಿಸಿಕೊಡಬೇಕೆಂದು ಹೆಂಡತಿ ಅನ್ನಾ ಅವರಿಂದ ಎಡಿತ್‌ಗೆ ಕರೆ ಬಂತು. ಎಡಿತ್ ಹಿಂಜರಿಯುತ್ತಲೇ ಹೊರಟರು. ದೇವರನ್ನು ನಂಬದ ತಾನು ಆ ವಿಧವೆಗೆ ಏನೆಂದು ಸಮಾಧಾನ ಹೇಳಲಿ ಎಂಬ ಅಳುಕು.

ಅಲ್ಲಿ ನಡೆದದ್ದೇ ಬೇರೆ. ಕುಸಿದುಹೋಗಿರುವ ಹೆಂಗಸನ್ನು ಕಾಣುತ್ತೇನೆಂದು ಹೋದವರಿಗೆ, ಅಳುವಿನ ನಡುವೆಯೂ ಶಾಂತಿಯನ್ನು ಕಳೆದುಕೊಳ್ಳದ ಒಬ್ಬ ಕ್ರೈಸ್ತ ಸ್ತ್ರೀ ಎದುರಾದರು. ಯೆಹೂದ್ಯರಾಗಿ ಹುಟ್ಟಿದ್ದ ರೈನಾಖ್ ದಂಪತಿ ಹಿಂದಿನ ವರ್ಷವಷ್ಟೇ ದೀಕ್ಷಾಸ್ನಾನ ಪಡೆದಿದ್ದರು. ಯೇಸುಸ್ವಾಮಿಯ ಶಿಲುಬೆಯ ಮೇಲಿನ ನಂಬಿಕೆಯೇ ಅನ್ನಾ ಅವರನ್ನು ಎತ್ತಿ ನಿಲ್ಲಿಸಿತ್ತು. ತನ್ನ ಅವಿಶ್ವಾಸ ಮುರಿದುಬಿದ್ದದ್ದು ಆ ಮನೆಯಲ್ಲೇ ಎಂದು ಎಡಿತ್ ಅವರು ಬಹಳ ವರ್ಷಗಳ ಮೇಲೆ ನೆನೆಸಿಕೊಂಡರು.

ಸ್ವಲ್ಪ ಯೋಚಿಸಿ ನೋಡಿ. ಸತ್ತವರೊಬ್ಬರ ಕಾಗದಗಳನ್ನು ಜೋಡಿಸಲು ಹೋಗದಿದ್ದರೆ ಎಡಿತ್‌ಗೆ ಆ ಶಿಲುಬೆ ಎದುರಾಗುತ್ತಿತ್ತೇ? ಸತ್ತವರನ್ನು ಮಣ್ಣುಮಾಡುವುದು ದಯೆಯ ಕಾರ್ಯಗಳಲ್ಲೊಂದೆಂದು ನಾವು ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೇವೆ. ಅವರು ಬಿಟ್ಟುಹೋದ ಮಾತನ್ನು ಕಾಪಾಡುವುದೂ ಅದೇ ದಯೆಯ ಮುಂದುವರಿದ ಕೆಲಸವಲ್ಲವೇ?

ತಾಯಿಯ ಮೌನ

1921ರ ಬೇಸಿಗೆಯಲ್ಲಿ ಗೆಳತಿಯೊಬ್ಬರ ಮನೆಯಲ್ಲಿದ್ದಾಗ ಎಡಿತ್ ಆವಿಲಾದ ಸಂತ ತೆರೇಸಾರ ಆತ್ಮಕಥೆಯನ್ನು ಓದಿದರು. ಅನೇಕ ವರ್ಷಗಳ ಹುಡುಕಾಟ ಅಲ್ಲಿಗೆ ಮುಗಿಯಿತು. 1922ರ ಜನವರಿ 1ರಂದು ಬೆರ್ಗ್‌ತ್ಸಾಬೆರ್ನ್ ಎಂಬ ಊರಿನ ಚರ್ಚಿನಲ್ಲಿ ಅವರು ದೀಕ್ಷಾಸ್ನಾನ ಪಡೆದು ಕಥೋಲಿಕರಾದರು. ಆಗಲೇ ಕಾರ್ಮೆಲ್ ಮಠ ಸೇರುವ ಆಸೆಯಿದ್ದರೂ ತಾಯಿಯ ಮನಸ್ಸನ್ನು ನೆನೆದು, ಗುರುಗಳ ಸಲಹೆಯಂತೆ ತಡೆದುಕೊಂಡರು. 1923ರಿಂದ ಎಂಟು ವರ್ಷ ಸ್ಪೈಯರ್ ಎಂಬ ಊರಿನ ಡೊಮಿನಿಕನ್ ಧರ್ಮಭಗಿನಿಯರ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಊರೂರಿಗೆ ಹೋಗಿ ಉಪನ್ಯಾಸ ನೀಡಿದರು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯೆಹೂದ್ಯ ರಕ್ತದವರೆಂಬ ಒಂದೇ ಕಾರಣಕ್ಕೆ ಮ್ಯೂನ್‌ಸ್ಟರ್‌ನಲ್ಲಿ ಅವರ ಅಧ್ಯಾಪಕಿಯ ಕೆಲಸ ಹೋಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಎಡಿತ್ ಅವರು ಜಗದ್ಗುರು 11ನೇ ಭಕ್ತಿನಾಥ ಪೋಪರಿಗೆ, ಅಂದರೆ ಹನ್ನೊಂದನೇ ಪಿಯುಸ್ ಅವರಿಗೆ, ಒಂದು ಪತ್ರ ಬರೆದರು. ಯೆಹೂದ್ಯರ ಮೇಲೆ ನಡೆಯುತ್ತಿರುವ ಅನ್ಯಾಯದ ಎದುರು ಧರ್ಮಸಭೆ ಬಾಯಿ ತೆರೆಯಬೇಕೆಂದು ಅದರಲ್ಲಿ ಬೇಡಿಕೊಂಡರು. ಅವರು ಬಯಸಿದ್ದ ಬಹಿರಂಗ ಮಾತು ಆಗ ಬರಲಿಲ್ಲ. ಪತ್ರ ಮಾತ್ರ ವ್ಯಾಟಿಕನ್ನಿನ ಪತ್ರಾಗಾರದಲ್ಲಿ ಉಳಿಯಿತು. 70 ವರ್ಷಗಳ ಮೇಲೆ, 2003ರಲ್ಲಿ, ಆ ಕಾಲದ ಕಡತಗಳನ್ನು ತೆರೆದಾಗ ಲೋಕವೆಲ್ಲ ಅದನ್ನು ಓದಿತು. ಹಳೆಯ ಕಾಗದ ನಮ್ಮನ್ನು ಹೊಗಳುತ್ತದೆಂದೇನೂ ಇಲ್ಲ. ಕೆಲವೊಮ್ಮೆ ಅದು ನಮ್ಮನ್ನೇ ಪ್ರಶ್ನಿಸುತ್ತದೆ. ಆದರೂ ಅದನ್ನು ಸುಡದೆ ಇಟ್ಟುಕೊಳ್ಳುವುದು ಪ್ರಾಮಾಣಿಕತೆ.

ಕೆಲಸ ಹೋದ ಮೇಲೆ ಕಾರ್ಮೆಲ್ ಮಠದ ಬಾಗಿಲು ತಟ್ಟಲು ಅಡ್ಡಿಯಿರಲಿಲ್ಲ. ತಾಯಿಯೊಬ್ಬರನ್ನು ಬಿಟ್ಟು. ಆಗ ಔಗುಸ್ಟೆಗೆ 84ರ ಹತ್ತಿರದ ಪ್ರಾಯ. ಅಕ್ಟೋಬರ್ 12ರಂದು, ತನ್ನ ಹುಟ್ಟುಹಬ್ಬದ ದಿನ, ಎಡಿತ್ ಕೊನೆಯ ಬಾರಿ ತಾಯಿಯ ಜೊತೆ ಯೆಹೂದ್ಯರ ಪ್ರಾರ್ಥನಾಲಯಕ್ಕೆ ಹೋಗಿ ಅವರ ಜೊತೆ ನಡೆದು ಬಂದರು. ಆ ರಾತ್ರಿ ಮುದುಕಿ ತಾಯಿ ಮುಖ ಮುಚ್ಚಿಕೊಂಡು ಅತ್ತರು. ಎರಡು ದಿನಗಳ ನಂತರ, 1933ರ ಅಕ್ಟೋಬರ್ 14ರಂದು, ಎಡಿತ್ ಕಲೋನ್ ನಗರದ ಕಾರ್ಮೆಲ್ ಮಠವನ್ನು ಪ್ರವೇಶಿಸಿದರು.

ಕಾರ್ಮೆಲ್ ಮಠವೆಂದರೆ ನಮಗೆ ಹೊಸದಲ್ಲ. 1870ರಲ್ಲಿ ಫ್ರಾನ್ಸಿನಿಂದ ಹೊರಟ ಕಾರ್ಮೆಲ್ ಭಗಿನಿಯರು, ದಾರಿಯಲ್ಲೇ ಕೆಲವರನ್ನು ಸಾವಿಗೆ ಒಪ್ಪಿಸಿ, ಮಂಗಳೂರಿಗೆ ಬಂದು ಮಠ ಸ್ಥಾಪಿಸಿದರು. ಆ ತಂಡದಲ್ಲಿದ್ದ ಮರಿಯಮ್ ಬವಾರ್ದಿ 1871ರಲ್ಲಿ ಮಂಗಳೂರಿನಲ್ಲೇ ವ್ರತವಚನ ಕೊಟ್ಟರು. 2015ರಲ್ಲಿ ಅವರಿಗೆ ಸಂತಪದವಿ ದೊರೆಯಿತು. ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರವನ್ನು ನೋಡಿಕೊಳ್ಳುವವರೂ ಇದೇ ಸಭೆಯ ಗುರುಗಳು. ಎಡಿತ್ ಧರಿಸಿದ ಕಂದು ಉಡುಪನ್ನು ನೀವು ಮಂಗಳೂರಿನಲ್ಲಿ ಕಂಡಿದ್ದೀರಿ.

ಮಠದಿಂದ ಎಡಿತ್ ಪ್ರತಿ ವಾರ ತಾಯಿಗೆ ಪತ್ರ ಬರೆದರು. ತಾಯಿಯಿಂದ ಉತ್ತರವಿಲ್ಲ. ಆದರೂ ಬರೆದರು. ಬಹಳ ಕಾಲದ ನಂತರ, ಅಕ್ಕ ರೋಸಾ ಬರೆಯುತ್ತಿದ್ದ ಪತ್ರದ ಕೊನೆಯಲ್ಲಿ ತಾಯಿಯ ಒಂದೆರಡು ಸಾಲು ಬರಲಾರಂಭಿಸಿತು. 1936ರ ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ಹಬ್ಬದ ದಿನ, ಎಡಿತ್ ಮಠದಲ್ಲಿ ವ್ರತವಚನವನ್ನು ನವೀಕರಿಸುತ್ತಿದ್ದಾಗ ಬ್ರೆಸ್ಲಾವ್‌ನಲ್ಲಿ ತಾಯಿ ಕಣ್ಣುಮುಚ್ಚಿದರು. ಆ ವರ್ಷದ ಕ್ರಿಸ್ಮಸ್ ಮುನ್ನಾದಿನ ರೋಸಾ ಸಹ ದೀಕ್ಷಾಸ್ನಾನ ಪಡೆದರು.

ಗಡಿ ದಾಟಿದ ಹಸ್ತಪ್ರತಿ

ಮಠ ಸೇರುವ ಮೊದಲಿನ ತಿಂಗಳುಗಳಲ್ಲಿ ತಾಯಿಯ ಮನೆಯಲ್ಲಿ ಕುಳಿತು ಎಡಿತ್ ಒಂದು ಪುಸ್ತಕ ಬರೆಯತೊಡಗಿದ್ದರು. ಒಂದು ಯೆಹೂದ್ಯ ಕುಟುಂಬದ ಕಥೆ, ಅಂದರೆ ತಮ್ಮದೇ ಮನೆಯ ಕಥೆ. ಅಂಗಡಿಯ ಲೆಕ್ಕ, ಅಕ್ಕತಂಗಿಯರ ಜಗಳ, ಹಬ್ಬದ ಅಡುಗೆ, ಮದುವೆಯ ಮಾತುಕತೆ ಎಲ್ಲವೂ ಅದರಲ್ಲಿತ್ತು. ಯಾಕೆ ಬರೆದರು? ಯೆಹೂದ್ಯರೆಂದರೆ ರಾಕ್ಷಸರು ಎಂದು ಸರಕಾರವೇ ಮಕ್ಕಳ ತಲೆಗೆ ತುಂಬುತ್ತಿದ್ದ ಕಾಲವದು. ಅವರೂ ನಮ್ಮ ಹಾಗೆಯೇ ಮನುಷ್ಯರು, ಅವರ ಮನೆಯಲ್ಲೂ ಒಬ್ಬ ತಾಯಿ ಹೀಗೆ ದುಡಿಯುತ್ತಾಳೆ ಎಂದು ತೋರಿಸಲು ಮನೆಯ ಕಥೆಗಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

1938ರ ನವೆಂಬರ್ 9ರ ರಾತ್ರಿ ಜರ್ಮನಿಯಾದ್ಯಂತ ಯೆಹೂದ್ಯರ ಪ್ರಾರ್ಥನಾಲಯಗಳಿಗೆ ಬೆಂಕಿ ಬಿತ್ತು. ತಾನಿದ್ದರೆ ಇಡೀ ಮಠಕ್ಕೆ ಅಪಾಯವೆಂದು ಎಡಿತ್ ಅರಿತರು. ಡಿಸೆಂಬರ್ 31ರಂದು ಅವರನ್ನು ಕಾರಿನಲ್ಲಿ ಹಾಲೆಂಡಿನ ಎಖ್ಟ್ ಎಂಬ ಊರಿನ ಕಾರ್ಮೆಲ್ ಮಠಕ್ಕೆ ಸಾಗಿಸಲಾಯಿತು. ಹಸ್ತಪ್ರತಿ ಮಾತ್ರ ಕಲೋನ್‌ನಲ್ಲೇ ಉಳಿಯಿತು. ಗಡಿಯಲ್ಲಿ ಸಿಕ್ಕಿಬಿದ್ದರೆ ಗತಿಯೇನು?

1939ರ ಫೆಬ್ರವರಿಯಲ್ಲಿ ಒಬ್ಬ ಯುವ ಮಿಷನರಿ ಗುರುಗಳು ಅದನ್ನು ತಲುಪಿಸಲು ಮುಂದೆ ಬಂದರು. ಗಡಿಯಲ್ಲಿ ಕಾರನ್ನು ತಡೆದರು. ಕಾವಲಿನವನು ಹಾಳೆಗಳನ್ನು ಮಗುಚಿ ನೋಡಿ, ಇದು ಈ ಪಾದ್ರಿಯ ಡಾಕ್ಟರೇಟ್ ಪ್ರಬಂಧವಿರಬೇಕೆಂದುಕೊಂಡು ಹಿಂದಿರುಗಿಸಿದ. ಹಾಗೆ ಒಂದು ಯೆಹೂದ್ಯ ತಾಯಿಯ ಕಥೆ ಗಡಿ ದಾಟಿತು.

1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಹಾಲೆಂಡನ್ನೂ ವಶಪಡಿಸಿಕೊಂಡಿತು. ಶೋಧನೆಗೆ ಬಂದರೆಂಬ ಭಯಕ್ಕೆ ಹಸ್ತಪ್ರತಿಯನ್ನು ಮಠದ ಆವರಣದ ಮಣ್ಣಿನಲ್ಲಿ ಹೂತರು. ಕೆಲವು ತಿಂಗಳ ಮೇಲೆ, ತೇವಕ್ಕೆ ಹಾಳಾದೀತೆಂದು ಮತ್ತೆ ತೆಗೆದು ಬೇರೆಡೆ ಅಡಗಿಸಿದರು. ಅದೇ ಕಾಲದಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಇಮಾನುಯೆಲ್ ರಿಂಗೆಲ್‌ಬ್ಲೂಮ್ ಮತ್ತು ಅವರ ಗೆಳೆಯರು ಯೆಹೂದ್ಯರ ಕೇರಿಯ ಬದುಕಿನ ದಾಖಲೆಗಳನ್ನು ಕೂಡಿಸುತ್ತಿದ್ದರು. ಮುಂದೆ ಅವನ್ನು ತಗಡಿನ ಪೆಟ್ಟಿಗೆಗಳಲ್ಲಿ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಡಿ ಹೂತರು. ಹೂತವರಲ್ಲಿ ಹೆಚ್ಚಿನವರು ಬದುಕುಳಿಯಲಿಲ್ಲ. ಅವುಗಳಲ್ಲಿ ಒಂದು ಭಾಗ 1946ರಲ್ಲಿ, ಇನ್ನೊಂದು 1950ರಲ್ಲಿ ಸಿಕ್ಕಿತು. ತಾವು ಉಳಿಯುವುದಿಲ್ಲವೆಂದು ತಿಳಿದವರು ಕಾಗದವಾದರೂ ಉಳಿಯಲಿ ಎಂದು ಬಯಸಿದರು.

ಆಗಸ್ಟ್ 1942

1942ರ ಜುಲೈ 26ರ ಭಾನುವಾರ ಹಾಲೆಂಡಿನ ಕಥೋಲಿಕ ಚರ್ಚುಗಳಲ್ಲಿ ಧರ್ಮಾಧ್ಯಕ್ಷರ ಪತ್ರವನ್ನು ಓದಲಾಯಿತು. ಯೆಹೂದ್ಯರನ್ನು ಗಡೀಪಾರು ಮಾಡುವುದನ್ನು ಆ ಪತ್ರ ಬಹಿರಂಗವಾಗಿ ಖಂಡಿಸಿತು. ನಾಜಿಗಳು ಸೇಡು ತೀರಿಸಿಕೊಂಡರು. ಮುಂದಿನ ಭಾನುವಾರ, ಆಗಸ್ಟ್ 2ರಂದು, ಯೆಹೂದ್ಯ ಮೂಲದ ಕಥೋಲಿಕರನ್ನು ದೇಶದಾದ್ಯಂತ ಹಿಡಿದರು. ಸಂಜೆ ಎಖ್ಟ್ ಮಠದ ಬಾಗಿಲಿಗೂ ಬಂದರು. ಎಡಿತ್ ಆಗ ಶಿಲುಬೆಯ ಸಂತ ಯೊವಾನ್ನರ ಕುರಿತು ಪುಸ್ತಕ ಬರೆಯುತ್ತಿದ್ದರು. ಹೊರಡಲು ಕೊಟ್ಟದ್ದು ಕೆಲವೇ ನಿಮಿಷ. ಮಠದ ಬಾಗಿಲು ಕಾಯುವ ಸೇವೆಯಲ್ಲಿದ್ದ ಅಕ್ಕ ರೋಸಾರ ಕೈ ಹಿಡಿದು ಎಡಿತ್ ಹೊರಟರು. ಬರೆಯುತ್ತಿದ್ದ ಹಾಳೆಗಳು ಮಠದಲ್ಲೇ ಉಳಿದವು.

ವೆಸ್ಟರ್‌ಬೋರ್ಕ್ ಶಿಬಿರದಿಂದ ಅವರು ಮಠಕ್ಕೆ ಬರೆದ ಚೀಟಿಗಳು ಇಂದಿಗೂ ಇವೆ. ಅದರಲ್ಲಿ ದೊಡ್ಡ ತತ್ತ್ವವೇನೂ ಇಲ್ಲ. ಉಣ್ಣೆಯ ಕಾಲುಚೀಲ, ಹೊದಿಕೆ, ಅಕ್ಕನಿಗೆ ಬೆಚ್ಚಗಿನ ಬಟ್ಟೆ, ತನ್ನ ಪ್ರಾರ್ಥನಾಪುಸ್ತಕದ ಮುಂದಿನ ಸಂಪುಟ, ಇಷ್ಟನ್ನು ಕೇಳಿದ್ದಾರೆ. ಇಲ್ಲಿಯವರೆಗೆ ಚೆನ್ನಾಗಿ ಪ್ರಾರ್ಥಿಸಲು ಸಾಧ್ಯವಾಗಿದೆಯೆಂದೂ ತಿಳಿಸಿದ್ದಾರೆ. ಶಿಬಿರದಲ್ಲಿ ಅವರನ್ನು ಕಂಡವರು ಇನ್ನೊಂದು ವಿಷಯ ಹೇಳಿದ್ದಾರೆ. ದಿಕ್ಕು ತೋಚದೆ ಕುಳಿತ ತಾಯಂದಿರ ಮಕ್ಕಳನ್ನು ಎಡಿತ್ ತೊಳೆದು, ತಲೆ ಬಾಚಿ, ಉಣಿಸುತ್ತಿದ್ದರಂತೆ.

ಆಗಸ್ಟ್ 7ರಂದು ರೈಲು ಪೂರ್ವಕ್ಕೆ ಹೊರಟಿತು. ಆಗಸ್ಟ್ 9ರಂದು ಔಷ್ವಿಟ್ಜ್‌ನಲ್ಲಿ ಅಕ್ಕತಂಗಿಯರಿಬ್ಬರನ್ನೂ ವಿಷಾನಿಲದಿಂದ ಕೊಂದರು. ಎಡಿತ್‌ಗೆ ಆಗ 50 ವರ್ಷ. ಆ ನರಮೇಧದಲ್ಲಿ ಸತ್ತ ಯೆಹೂದ್ಯರು ಸುಮಾರು 60 ಲಕ್ಷ. ಎಡಿತ್ ಅವರ ಅಣ್ಣ ಪೌಲ್, ಇನ್ನೊಬ್ಬ ಅಕ್ಕ ಫ್ರೀಡಾ ಸಹ ಅದಕ್ಕೆ ಬಲಿಯಾದರು. ಎಡಿತ್ ಅವರನ್ನು ನಾವು ನಮ್ಮ ಸಂತರೆಂದು ಗೌರವಿಸುತ್ತೇವೆ. ಆದರೆ ಅವರು ಸತ್ತದ್ದು ತಮ್ಮ ಜನರ ಜೊತೆಯಲ್ಲಿ, ತಮ್ಮ ಜನರಲ್ಲಿ ಒಬ್ಬರಾಗಿ ಎಂಬುದನ್ನು ನಾವು ಮರೆಯಬಾರದು.

ಅವಶೇಷಗಳ ನಡುವೆ ಹೆಕ್ಕಿದ ಹಾಳೆಗಳು

ಈಗ ಹಾಳೆಗಳ ಕಥೆಗೆ ಮರಳೋಣ. ಎಖ್ಟ್ ಮಠದ ಭಗಿನಿಯರು ಎಡಿತ್ ಅವರ ಬರಹಗಳನ್ನೆಲ್ಲ ಒಟ್ಟುಮಾಡಿ ಇಟ್ಟುಕೊಂಡರು. ಅವು ಸಿಕ್ಕಿದರೆ ತಮಗೂ ಅಪಾಯವೆಂದು ಗೊತ್ತಿದ್ದೇ ಇಟ್ಟುಕೊಂಡರು. 1944ರ ಕೊನೆಗೆ ಯುದ್ಧ ಆ ಕಡೆಗೆ ಬಂದಾಗ ಮಠ ಬಿಟ್ಟು ಓಡಬೇಕಾಯಿತು. ಬಟ್ಟೆಬರೆಗೇ ಜಾಗವಿಲ್ಲದ ಆ ಓಟದಲ್ಲಿ ಹಸ್ತಪ್ರತಿಗಳನ್ನು ಚೀಲಗಳಲ್ಲಿ ತುಂಬಿಕೊಂಡು ಹರ್ಕೆನ್‌ಬಾಸ್ ಎಂಬ ಹಳ್ಳಿಯ ಕಾನ್ವೆಂಟಿಗೆ ಒಯ್ದರು. ಅಲ್ಲಿಂದಲೂ ಏಕಾಏಕಿ ಹೊರಡಬೇಕಾದಾಗ ಚೀಲಗಳು ಹಿಂದೆ ಉಳಿದವು. ಆ ಕಟ್ಟಡವೂ ಯುದ್ಧಕ್ಕೆ ಸಿಕ್ಕಿ ಕುಸಿಯಿತು.

1945ರ ವಸಂತದಲ್ಲಿ ಬೆಲ್ಜಿಯಂನಿಂದ ಒಬ್ಬ ಫ್ರಾನ್ಸಿಸ್ಕನ್ ಗುರುಗಳು ಕಾರ್ಮೆಲ್ ಸಭೆಯ ಗುರುಗಳ ಜೊತೆ ಅಲ್ಲಿಗೆ ಬಂದರು. ಹೆಸರು ಹೆರ್ಮನ್ ಲೇಯೊ ವಾನ್ ಬ್ರೇಡಾ. ಮುರಿದ ಗೋಡೆಗಳ ನಡುವೆ, ಮಣ್ಣು ಧೂಳಿನಲ್ಲಿ ಚದುರಿದ್ದ ಹಾಳೆಗಳನ್ನು ಒಂದೊಂದಾಗಿ ಹೆಕ್ಕಿದರು.

ಯಾರು ಈ ವಾನ್ ಬ್ರೇಡಾ? ಏಳು ವರ್ಷ ಹಿಂದಕ್ಕೆ ಹೋಗಬೇಕು. ಎಡಿತ್ ಅವರ ಗುರುಗಳಾದ ಹುಸರ್ಲ್ ಸಹ ಯೆಹೂದ್ಯ ಮೂಲದವರು. 1938ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಮನೆಯಲ್ಲಿ ಸುಮಾರು 40,000 ಪುಟಗಳ ಶೀಘ್ರಲಿಪಿಯ ಬರಹವಿತ್ತು. ನಾಜಿಗಳ ಕೈಗೆ ಸಿಕ್ಕಿದರೆ ಬೂದಿಯೇ ಗತಿ. ಓದಿಗಾಗಿ ಆ ಮನೆಗೆ ಬಂದಿದ್ದ 27 ವರ್ಷದ ವಾನ್ ಬ್ರೇಡಾ ಆ ಹೊಣೆಯನ್ನು ಹೊತ್ತರು. ಒಬ್ಬ ಬೆನೆಡಿಕ್ಟೈನ್ ಭಗಿನಿ ಪೆಟ್ಟಿಗೆಗಳನ್ನು ಸ್ವಿಸ್ ಗಡಿಯ ಹತ್ತಿರದವರೆಗೆ ಒಯ್ದು ನೋಡಿದರು, ಆಗಲಿಲ್ಲ. ಕೊನೆಗೆ ಬರ್ಲಿನ್‌ನ ಬೆಲ್ಜಿಯಂ ರಾಯಭಾರ ಕಚೇರಿಯ ಮೂಲಕ ಆ ಬರಹಗಳು ಲೂವೆನ್ ವಿಶ್ವವಿದ್ಯಾಲಯವನ್ನು ಸೇರಿದವು.

ದೇವರ ಲೆಕ್ಕ ನೋಡಿ, ಓದುಗರೇ. ಯೌವನದಲ್ಲಿ ಎಡಿತ್ ಯಾರ ಹಾಳೆಗಳನ್ನು ಕಣ್ಣು ನೋಯುವವರೆಗೆ ಓದಿ ಜೋಡಿಸಿದ್ದರೋ, ಆ ಹಾಳೆಗಳನ್ನು ಉಳಿಸಿದ ಕೈಗಳೇ ಎಡಿತ್ ಅವರ ಹಾಳೆಗಳನ್ನೂ ಮಣ್ಣಿನಿಂದ ಎತ್ತಿದವು.

ಹೆಕ್ಕಿದ್ದು ಅರ್ಧ ಕೆಲಸ ಮಾತ್ರ. ಯಾವ ಹಾಳೆ ಯಾವ ಪುಸ್ತಕದ್ದು? ಲೂಸಿ ಗೆಲ್ಬೆರ್ ಎಂಬ ವಿದುಷಿ ಹಲವಾರು ವರ್ಷ ಕುಳಿತು ಅವನ್ನು ಜೋಡಿಸಿದರು. 1950ರಿಂದ ಪುಸ್ತಕಗಳು ಹೊರಬರತೊಡಗಿದವು. ಎಡಿತ್ ಬಂಧನದ ದಿನದವರೆಗೂ ಬರೆಯುತ್ತಿದ್ದ ಶಿಲುಬೆಯ ಕುರಿತ ಪುಸ್ತಕವೂ ಅದರಲ್ಲೊಂದು. ಎಡಿತ್ ತಮ್ಮ ಹಳೆಯ ಸಹಪಾಠಿ, ಪೋಲೆಂಡಿನ ರೋಮನ್ ಇಂಗಾರ್ಡನ್‌ಗೆ ಬರೆದಿದ್ದ 150ಕ್ಕೂ ಹೆಚ್ಚು ಪತ್ರಗಳನ್ನು ಅವರು ಯುದ್ಧದ ನಡುವೆಯೂ ಕಳೆಯದೆ ಉಳಿಸಿದ್ದರು. ಮನೆಯ ಕಥೆ 1965ರಲ್ಲಿ ಪ್ರಕಟವಾಯಿತು. ಬದುಕಿದ್ದ ಬಂಧುಗಳ ಮನಸ್ಸನ್ನು ಗೌರವಿಸಿ ಕೆಲವು ಭಾಗಗಳನ್ನು ಆಗ ಬಿಟ್ಟಿದ್ದರು. ಪೂರ್ತಿ ಪಾಠ ಬಂದದ್ದು 1985ರಲ್ಲಿ. ಈಗ ಕಲೋನ್‌ನ ಕಾರ್ಮೆಲ್ ಮಠದಲ್ಲಿ ಎಡಿತ್ ಸ್ಟೈನ್ ಪತ್ರಾಗಾರವಿದೆ. 2000ದಿಂದೀಚೆಗೆ ಅವರ ಸಮಗ್ರ ಬರಹಗಳು 25ಕ್ಕೂ ಹೆಚ್ಚು ಸಂಪುಟಗಳಲ್ಲಿ ಬಂದಿವೆ.

ಜಗದ್ಗುರು ಎರಡನೇ ಜಾನ್ ಪಾವ್ಲ್ ಅವರು 1987ರ ಮೇ 1ರಂದು ಕಲೋನ್‌ನಲ್ಲಿ ಎಡಿತ್ ಅವರನ್ನು ಪುನೀತರೆಂದೂ, 1998ರ ಅಕ್ಟೋಬರ್ 11ರಂದು ರೋಮಿನಲ್ಲಿ ಸಂತರೆಂದೂ ಘೋಷಿಸಿದರು. ಮರುವರ್ಷ ಯುರೋಪಿನ ಪಾಲಕ ಸಂತರಲ್ಲಿ ಒಬ್ಬರೆಂದು ಹೆಸರಿಸಿದರು. ಆ ಗಡಿಯ ಕಾರು, ಮಠದ ಮಣ್ಣು, ಭಗಿನಿಯರ ಚೀಲ, ಇವುಗಳಲ್ಲಿ ಒಂದು ತಪ್ಪಿದ್ದರೂ ನಾವು ಅವರನ್ನು ಇಷ್ಟು ಹತ್ತಿರದಿಂದ ಅರಿಯುತ್ತಿದ್ದೆವೇ?

ನಮ್ಮ ಮನೆಯ ಟ್ರಂಕು

ನಾವು ಸಂತರಲ್ಲ, ನಮ್ಮ ಮನೆಯ ಕಾಗದಕ್ಕೆ ಏನು ಬೆಲೆ ಎಂದು ನೀವು ಕೇಳಬಹುದು. ಎಡಿತ್ ಅವರ ತಾಯಿಯೂ ಮರದ ವ್ಯಾಪಾರ ಮಾಡಿದ ಒಬ್ಬ ವಿಧವೆ ಅಷ್ಟೇ. ಮಗಳು ಬರೆದಿಟ್ಟದ್ದರಿಂದ, ಇತರರು ಅದನ್ನು ಉಳಿಸಿದ್ದರಿಂದ ಇಂದು ಕೊಕ್ಕಡದಲ್ಲಿ ಕುಳಿತು ನಾವು ಅವರ ಹೆಸರನ್ನು ಹೇಳುತ್ತಿದ್ದೇವೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಡಗಿದ್ದ ಆ್ಯನ್ ಫ್ರಾಂಕ್ ಎಂಬ ಬಾಲಕಿಯ ಡೈರಿಯನ್ನು ನೆಲದಿಂದ ಎತ್ತಿ ಮೇಜಿನ ಡ್ರಾವರಿನಲ್ಲಿಟ್ಟವರು ಆಫೀಸಿನ ಒಬ್ಬ ನೌಕರಿಣಿ, ಮೀಪ್ ಖೀಸ್. ಉಳಿಸಿದವರೆಲ್ಲ ಸಾಮಾನ್ಯರೇ.

ಕಾಗದ ಕಳೆದುಕೊಳ್ಳುವುದೆಂದರೇನೆಂದು ನಮ್ಮ ಕರಾವಳಿಯ ಕಥೋಲಿಕರಿಗೂ ಗೊತ್ತು. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ನಮ್ಮ ಹಿರಿಯರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಚರ್ಚುಗಳು ನೆಲಸಮವಾದವು. 1799ರ ಬಳಿಕ ಹಿಂದಿರುಗಿದವರು ಬರಿಗೈಯಲ್ಲಿ ಬಂದರು. ದಾರಿಯಲ್ಲಿ ಸತ್ತ ತಮ್ಮ ಮನೆಯ ಒಬ್ಬರ ಹೆಸರನ್ನಾದರೂ ಇಂದು ಎಷ್ಟು ಕುಟುಂಬಗಳು ಹೇಳಬಲ್ಲವು? ಕೇರಳದಿಂದ ಬಂದು ಬೆಳ್ತಂಗಡಿಯ ಕಾಡಂಚಿನಲ್ಲಿ ನೆಲೆನಿಂತ ಹಿರಿಯರ ಕಥೆ ಇನ್ನೂ ಹತ್ತಿರದ್ದು. ಆ ಮೊದಲ ಮಳೆಗಾಲ, ಮಲೇರಿಯಾ ಜ್ವರ, ಹುಲ್ಲಿನ ಗುಡಿಸಲು, ಊರಿಗೆ ಬರೆದ ಪತ್ರ, ಇವನ್ನು ಕಂಡವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ನೆನಪನ್ನು ಕಾಪಾಡುವುದು ಯಾರ ಮೇಲೂ ಸೇಡು ಬೆಳೆಸಲು ಅಲ್ಲ. ಎಡಿತ್ ತಮ್ಮ ಮನೆಯ ಕಥೆಯನ್ನು ಬರೆದದ್ದು ದ್ವೇಷವನ್ನು ಕರಗಿಸಲು.

ಆದ್ದರಿಂದ ಈ ಆಟಿಯಲ್ಲಿ ಟ್ರಂಕು ಕೆಳಗಿಳಿದರೆ ಬಚ್ಚಲ ಒಲೆಗೆ ಅವಸರ ಮಾಡಬೇಡಿ. ಕೆಲವು ಸಣ್ಣ ಕೆಲಸಗಳನ್ನು ಮಾಡಿ. ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಮೆಲ್ಲನೆ ಹೆಸರು, ಊರು, ವರ್ಷ ಬರೆಯಿರಿ. ಅಜ್ಜಿ ಇರುವಾಗಲೇ ಕೇಳಿ ಬರೆಯಿರಿ. ಹರಿದ ಪತ್ರಕ್ಕೆ ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಅದರಿಂದ ಕಾಗದ ಉಳಿಯುವುದಿಲ್ಲ, ಕೆಡುತ್ತದೆ. ತೇವವಿರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಬೂಷ್ಟು ಹೆಚ್ಚುತ್ತದೆ. ಒಣಗಿದ ಶುಭ್ರ ಹತ್ತಿಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡಿ. ಮಳೆ ಮುಗಿದು ಒಣಹವೆ ಬಂದಾಗ ನೆರಳಿನಲ್ಲಿ ಬಿಚ್ಚಿ ಗಾಳಿಯಾಡಿಸಿ, ಗೆದ್ದಲು ಬಂದಿದೆಯೇ ನೋಡಿ. ಮೊಬೈಲಿನಲ್ಲಿ ಪ್ರತಿ ತೆಗೆದು ದೂರದ ಬಂಧುಗಳಿಗೂ ಕಳುಹಿಸಿ. ಒಂದು ಕಡೆ ಹೋದರೆ ಇನ್ನೊಂದು ಕಡೆ ಉಳಿದೀತು. ಬದುಕಿರುವವರಿಗೆ ನೋವಾಗುವ ವಿಷಯವಿದ್ದರೆ ಎಲ್ಲರಿಗೆ ತೋರಿಸುವ ಅಗತ್ಯವಿಲ್ಲ, ಜೋಪಾನವಾಗಿ ತೆಗೆದಿಡಿ. ಸುಟ್ಟದ್ದನ್ನು ಮಾತ್ರ ಯಾರಿಗೂ ಮರಳಿ ತರಲಾಗದು.

ಆಗಸ್ಟ್ 9ರ ಸಂಜೆ ಕುಟುಂಬ ಪ್ರಾರ್ಥನೆಗೆ ಕುಳಿತಾಗ ಆ ಟ್ರಂಕಿನಿಂದ ಒಂದು ಹಳೆಯ ಫೋಟೊವನ್ನು ತೆಗೆದು ಪೀಠದ ಮೇಲೆ ದೀಪದ ಪಕ್ಕದಲ್ಲಿಡಿ. ಅದರಲ್ಲಿರುವವರ ಹೆಸರನ್ನು ಮಕ್ಕಳಿಂದ ಗಟ್ಟಿಯಾಗಿ ಹೇಳಿಸಿ. ಆ ಹೆಸರುಗಳ ಜೊತೆಗೆ, ಹೆಸರು ಹೇಳಲು ಮನೆಯಲ್ಲಿ ಒಬ್ಬರೂ ಉಳಿಯದೆ ಹೋದ ಆ ಲಕ್ಷಾಂತರ ಜನರಿಗಾಗಿಯೂ ಒಂದು ನಮೋ ಮರಿಯಾ ಹೇಳಿ. ಸಮಾಧಿಯಿಲ್ಲದ ಆ ಸಂತರು ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.